ಮೂರನೇ ಸಾಲು, ಐದನೇ ಮನೆ

ಇವತ್ತು ಬೆಳಿಗ್ಗೆ ಮಗನ ಕಾಫಿಗೆ ರವೆ ಹಾಕಿ, ಅವನಿಂದ ‘ಥೂ’ ಎನ್ನಿಸಿಕೊಂಡೆ. ತಪ್ಪು ನನ್ನದಲ್ಲ, ಸೊಸೆಯದು. ನಮ್ಮ ಅಡುಗೆಮನೆಯ ಗೋಡೆಗೆ ಒಂದು ಹಳೆಯ ಮರದ ಗೂಡಿದೆ. ಅದರಲ್ಲಿ ಸಾಲುಸಾಲಾಗಿ ಚೌಕದ ಮನೆಗಳು, ಮನೆಗೊಂದು ಪುಟ್ಟ ಡಬ್ಬಿ. ನಿನ್ನೆ ನಾನು ಮಲಗಿದ್ದಾಗ ಆಕೆ ಎಲ್ಲವನ್ನೂ ಅಕಾರಾದಿಯಾಗಿ ಜೋಡಿಸಿದ್ದಾಳೆ: ಅರಿಶಿನ, ಇಂಗು, ಉಪ್ಪು, ಏಲಕ್ಕಿ. ಬೈಯಲು ಬಾಯಿ ತೆರೆದವಳು ಹಾಗೇ ಮುಚ್ಚಿಕೊಂಡೆ. ಅದೇ ಗೂಡಿನಲ್ಲಿ ಅದೇ ಘನಕಾರ್ಯವನ್ನು ಅರವತ್ತರ ದಶಕದಲ್ಲಿ ನಾನೇ ಮಾಡಿದ್ದೆ.

ಆಗ ಮಧುಗಿರಿಯಲ್ಲಿ ನಮ್ಮವರದೊಂದು ಅಚ್ಚುಕೂಟ. ಈ ಗೂಡಿನ ಮನೆಗಳಲ್ಲಿ ಸೀಸದ ಅಕ್ಷರಗಳು ವಾಸವಾಗಿದ್ದವು. ಅವನ್ನು ಆಯ್ದು ಜೋಡಿಸುತ್ತಿದ್ದವರು ಸಿರಾದ ಗಫಾರ್ ಸಾಬರು. ಅಚ್ಚಾದ ಕರಡು ತಿದ್ದುತ್ತಿದ್ದವಳು ನಾನು. ಗಿರಾಕಿಗಳ ಬರಹ ಕಾಗೆಕಾಲು ಎಂದು ಗೊಣಗಿ, ಸಾಬರು ಅದನ್ನೂ ನನ್ನಿಂದಲೇ ಓದಿಸುತ್ತಿದ್ದರು. ನಾನು ಓದುತ್ತಿದ್ದರೆ ಅವರ ಕೈ ತಾನೇ ಹಾರಿ ಹೋಗಿ ಅಕ್ಷರ ಹೆಕ್ಕುತ್ತಿತ್ತು. ನನಗೊಂದು ಅಕ್ಷರ ಬೇಕಾದರೆ ಮೇಲಿನ ಸಾಲಿನ ಎಡತುದಿಯಿಂದ ಒಂದೊಂದೇ ಮನೆಯ ಬಾಗಿಲು ತಟ್ಟಿಕೊಂಡು, ಸಾಲು ಮುಗಿದರೆ ಕೆಳಗಿನ ಸಾಲಿಗಿಳಿದು ಹುಡುಕಬೇಕಾಗಿತ್ತು. ಲೋವರ್ ಸೆಕೆಂಡರಿ ಪಾಸಾದವಳಿಗೆ ಇದು ಅವಮಾನವಲ್ಲವೇ, ನೀವೇ ಹೇಳಿ!

ಸಾಬರು ರಂಜಾನಿಗೆಂದು ಊರಿಗೆ ಹೋದಾಗ, ಇಡೀ ಗೂಡನ್ನು ವರ್ಣಮಾಲೆಯಂತೆ ಜೋಡಿಸಿಬಿಟ್ಟೆ. ಹುಟ್ಟಿದಾಗಿನಿಂದ ಒಂದು ದಿನವೂ ದುಡಿಯದ ಙ, ಞಗಳು ಬೀಗರಂತೆ ಮುಂದಿನ ಸಾಲಿನಲ್ಲಿ ಕೂತವು. ಹಗಲೆಲ್ಲ ದುಡಿಯುವ ಲ, ವಗಳು ಮೂಲೆ ಸೇರಿದವು. ಕೋತಿ ತಾನೂ ಕೆಟ್ಟು ವನವನ್ನೂ ಕೆಡಿಸಿತು ಎನ್ನುವುದು ಇದಕ್ಕೇ.

ಸಾಬರು ಮರಳಿದ ದಿನವೇ ಪಾವಗಡದ ಕಡಲೆಕಾಯಿ ವ್ಯಾಪಾರಿಯೊಬ್ಬರ ಮಗಳ ಲಗ್ನಪತ್ರಿಕೆ ಸಂಜೆಯ ಬಸ್ಸಿಗೆ ಹೋಗಬೇಕಿತ್ತು. ನಮ್ಮವರು ಕಾಗದ ತರಲು ತುಮಕೂರಿಗೆ ಹೋಗಿದ್ದರು. ಗೂಡಿನ ವಿಷಯ ಹೇಳದೆ, ಸಾಬರನ್ನು ಬೆರಗುಗೊಳಿಸಬೇಕೆಂದು ಸುಮ್ಮನಿದ್ದೆ. ಮೊದಲ ಕರಡು ಬಂತು. ವ ಇದ್ದ ಮನೆಗೆ ನಾನು ಮ ತುಂಬಿದ್ದೆನಲ್ಲ, ಧು, ರಗಳು ಮಾತ್ರ ಹೇಗೋ ಹಳೆಯ ಮನೆಯಲ್ಲೇ ಉಳಿದಿದ್ದವು; ವಧು ಮಧುವಾಗಿದ್ದಳು, ವರ ಮರವಾಗಿದ್ದ! ಮಧು ನಮ್ಮೂರಿಗೆ ಒಪ್ಪುವ ಮಾತೇ. ಆದರೆ ಮರಕ್ಕೆ ಯಾವ ಬೀಗರು ಹೆಣ್ಣು ಕೊಡುತ್ತಾರೆ? ಉಳಿದದ್ದಂತೂ ಯಾವ ಭಾಷೆಯೋ ಆ ದೇವರಿಗೇ ಗೊತ್ತು. ಬಿದ್ದುಬಿದ್ದು ನಗುತ್ತ ಕರಡನ್ನು ಅವರ ಮುಖಕ್ಕೆ ಹಿಡಿದೆ. ಸಾಬರು ನಗಲಿಲ್ಲ. ಕಾಗದದ ಕಡೆಗೆ ನೋಡಲೂ ಇಲ್ಲ. ಗೂಡಿನ ಮನೆಗಳನ್ನು ಬೆರಳಿನಿಂದ ತಡವುತ್ತ ನಿಂತರು.

“ಮನೆ ಬದ್ಲಾಯಿಸ್ಬುಟ್ರಾ ಅಮ್ಮಾ?”

“ಅನುಕೂಲ ಆಗ್ಲಿ ಅಂತ, ಸಾಬ್ರೇ. ಕಾಣ್ಸಲ್ವೇ?”

“ಎರಡು ವರ್ಸ ಆಯ್ತು ಕಾಣ್ದೆ. ಕೈ ಓದ್ತಿತ್ತು. ಯಜಮಾನ್ರಿಗೆ ಹೇಳ್ಬ್ಯಾಡಿ, ಮನೇಲಿ ಐದು ಹೊಟ್ಟೆ ಅವೆ.”

ನಾಚಿಕೆಯಿಂದ ನನಗೆ ಅಳುವೇ ಬಂತು. ಎರಡು ವರ್ಷ ಪಕ್ಕದಲ್ಲೇ ಕೂತು ಓದಿ ಹೇಳಿದವಳು, ಕಣ್ಣಿದ್ದೂ ಏನು ನೋಡಿದ್ದೆ ನಾನು? ಎಲ್ಲ ಅಕ್ಷರಗಳನ್ನೂ ನೆಲಕ್ಕೆ ಸುರಿದುಕೊಂಡು ಕೂತೆ. ಸಾಬರು ಕಣ್ಣು ಮುಚ್ಚಿ ವಿಳಾಸ ಹೇಳುತ್ತ ಹೋದರು. “ವ... ಮೂರ್ನೇ ಸಾಲು, ಐದ್ನೇ ಮನೆ.” ಒಂದೂ ತಪ್ಪಲಿಲ್ಲ. ಮರ ಮತ್ತೆ ವರನಾಗಿ, ಕಡೆಯ ಬಸ್ಸಿನಲ್ಲಿ ಪಾವಗಡ ಸೇರಿದ. ತಡವಾದದ್ದಕ್ಕೆ ನಮ್ಮವರು ಕೂಗಾಡಿದಾಗ ತಪ್ಪು ನನ್ನದೇ ಎಂದೆ. ಅಪರೂಪಕ್ಕೆ ಅದು ನಿಜವೂ ಆಗಿತ್ತು. ಸಾಬರು ಆಮೇಲೆ ಒಂಬತ್ತು ವರ್ಷ ಅಕ್ಷರ ಜೋಡಿಸಿದರು. ನಮ್ಮವರಿಗೆ ಕೊನೆಯವರೆಗೂ ತಿಳಿಯಲಿಲ್ಲ.

ಇಷ್ಟು ಬರೆಯಿಸುವ ಹೊತ್ತಿಗೆ ಕಾಫಿ ಆರಿದೆ. ಹೌದು, ಬರೆಯಿಸುವ ಹೊತ್ತಿಗೆ. ನಾನು ಹೇಳುತ್ತಿದ್ದೇನೆ, ಸೊಸೆ ಬರೆದುಕೊಳ್ಳುತ್ತಿದ್ದಾಳೆ. ನನ್ನ ಅಕ್ಷರ ಈಚೆಗೆ ಕಾಗೆಕಾಲು ಎಂದು ಅವಳಿಗೆ ಹೇಳಿದ್ದೆ. ಆ ಮಾತು ಬರೆಯುತ್ತಲೇ ಅದರ ಅರ್ಥ ಹೊಳೆದು ಅವಳು ಪೆನ್ನು ಕೆಳಗಿಟ್ಟಳು. ಎದ್ದು ಹೋಗಿ ಗೂಡಿನ ಡಬ್ಬಿಗಳನ್ನೆಲ್ಲ ಒಂದೊಂದಾಗಿ ನೆಲಕ್ಕಿಳಿಸುವ ಸದ್ದು ಕೇಳಿಸಿತು.

“ಅತ್ತೇ, ಸಕ್ಕರೆ ಎಲ್ಲಿತ್ತು?”

“ಮೂರನೇ ಸಾಲು, ಐದನೇ ಮನೆ,” ಎಂದೆ. “ನಿನ್ನ ಗಂಡನಿಗೆ ಹೇಳಬೇಡ ಕಣೇ.”