ಅವ್ವನ ಕಿಡ್ನಿ ರಿಪೋರ್ಟು

ರಕ್ತದ ರಿಪೋರ್ಟಿನಲ್ಲಿ ಎರಡು ಸಾಲು ದಪ್ಪ ಅಕ್ಷರದಲ್ಲಿದ್ದವು, ಅಷ್ಟೇ. ಯೂರಿಯಾ, ಕ್ರಿಯಾಟಿನಿನ್, ಎರಡೂ ಇರಬೇಕಾದ್ದಕ್ಕಿಂತ ಹೆಚ್ಚು. ಅಷ್ಟಕ್ಕೇ ಅವ್ವನ ಕಿಡ್ನಿ ಹೋಯಿತೆಂದು ಊರೆಲ್ಲ ಸುದ್ದಿ! ರಾಮನಗರದ ಸುತ್ತ ಫ್ಯಾಕ್ಟರಿಗಳು ಒಂದರ ಹಿಂದೊಂದು ಏಳುತ್ತಿದ್ದ ವರ್ಷಗಳು ಅವು. ಅವ್ವ ಅಲ್ಲೇ ಹತ್ತಿರದ ಹಳ್ಳಿಯಲ್ಲಿ ನನ್ನ ತಮ್ಮನ ಮನೆಯಲ್ಲಿದ್ದಳು. ನಾನು ಕನಕಪುರದಿಂದ ಬಸ್ಸು ಹಿಡಿದು ಹೋಗುವಷ್ಟರಲ್ಲಿ ಅವಳ ತಟ್ಟೆಯಿಂದ ಸೊಪ್ಪು, ಬೇಳೆ, ಬಾಳೆಹಣ್ಣು ಎಲ್ಲ ಮಾಯವಾಗಿ ಬಿಳಿ ಅನ್ನ, ನೀರು ಮಜ್ಜಿಗೆ ಉಳಿದಿತ್ತು. ಪಥ್ಯ ಹೇಳಿದ್ದು ಡಾಕ್ಟರಲ್ಲ, ಅಕ್ಕಪಕ್ಕದವರು. ಒಬ್ಬಾಕೆಯಂತೂ ಜಗಲಿಯ ಮೇಲೆ ಕೂತು, ಅವ್ವನ ಕಿವಿಗೆ ಬೀಳುವ ಹಾಗೆಯೇ, "ಡಯಾಲಿಸಿಸ್ ಹಿಡ್ಸುದ್ರೆ ಮುಗೀತು ಕಣವ್ವ" ಅಂದಳು. ನನಗೆ ಮೈಯೆಲ್ಲ ಉರಿದುಹೋಯಿತು.

"ನೀರು ಕುಡಿ ಅಂತ ಬಡ್ಕೊಂಡೆ ಕಣಕ್ಕ. ಕುಡಿಯಾಕಿಲ್ಲ, ಹಟ," ಅಂದ ತಮ್ಮ. "ವಯಸ್ಸಾಯ್ತಲ್ಲ, ಇನ್ನೇನ್ ಮಾಡಾದು."

ವಯಸ್ಸಾಯ್ತಂತೆ! ಮಂಡಿ ನೋವಿಗೂ ಅದೇ, ತಲೆ ಸುತ್ತಿಗೂ ಅದೇ. ಈ ಒಂದು ಮಾತು ಹೇಳಿಬಿಟ್ಟರೆ ಯಾರೂ ಮುಂದಕ್ಕೆ ಯೋಚನೆ ಮಾಡಬೇಕಿಲ್ಲ ನೋಡಿ.

ಮಾರನೆಯ ದಿನವೇ ಅವಳನ್ನು ರಾಮನಗರದ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದೆ. ಅವರು ರಿಪೋರ್ಟು ನೋಡಿದರು, ಅವ್ವನ ನಾಲಿಗೆ ಚಾಚಿಸಿ ನೋಡಿದರು. "ರಕ್ತ ಕೊಟ್ಟ ದಿನ ನೀರು ಕುಡಿದಿದ್ರಾ ಅಜ್ಜಿ?"

"ಬರೀ ಹೊಟ್ಟೇಲಿ ಬನ್ನಿ ಅಂದಿದ್ರಲ್ಲವ್ವ. ಎಂಜಲೂ ನುಂಗ್ನಿಲ್ಲ ನಾನು." ಶಿವರಾತ್ರಿ ಉಪವಾಸ ಮಾಡಿದವಳ ಹೆಮ್ಮೆ ಬೇರೆ!

"ಬೇರೆ ದಿನ?"

ಅವ್ವ ನನ್ನ ಕಡೆ ನೋಡದೆ ಹೇಳಿದಳು. "ಬೆಳಕರಿದ್ಮೇಲೆ ಕುಡಿಯಾಕಿಲ್ಲ. ಒಂದ್ಕೆ ಎಲ್ಲಿಗೋಗ್ಲಿ? ಪೊದೆ ಇದ್ದ ಜಾಗಕ್ಕೆಲ್ಲ ಫ್ಯಾಕ್ಟ್ರಿಯೋರು ಕಾಂಪೌಂಡ್ ಹಾಕವ್ರೆ. ರಸ್ತೆ ತುಂಬ ಲಾರಿ, ಗೇಟ್ನಾಗೆ ವಾಚ್‌ಮನ್ನು. ಕತ್ಲಾಗಗಂಟ ತಡ್ಕಬೇಕಲ್ಲವ್ವ."

ಮೈಯಲ್ಲಿ ನೀರು ಒಣಗಿದರೂ ಈ ಅಂಕಿಗಳು ಏರುತ್ತವೆ, ವಯಸ್ಸಾದವರಿಗೆ ಬಾಯಾರಿಕೆಯೂ ಸರಿಯಾಗಿ ಗೊತ್ತಾಗುವುದಿಲ್ಲ ಅಂದರು ಡಾಕ್ಟರಮ್ಮ. ಒಂದೇ ರಿಪೋರ್ಟು ನೋಡಿ ಕಿಡ್ನಿ ಹೋಯಿತೆನ್ನಬಾರದು. ಆದರೆ ಹೀಗೇ ಬಿಟ್ಟರೆ ನಿಜವಾಗಿಯೂ ಹೋಗಬಹುದು. ಚೆನ್ನಾಗಿ ಊಟ, ನೀರು ಕೊಟ್ಟು ಮತ್ತೆ ಟೆಸ್ಟ್ ಮಾಡಿಸಿ ಎಂದು ಕಳಿಸಿದರು.

ಕನಕಪುರಕ್ಕೆ ಕರೆತಂದೆ. ನನ್ನ ಮನೆಯಲ್ಲಿ ಕಕ್ಕಸು ಒಳಗೇ ಇತ್ತು. ಯಾರೂ ಹೇಳದೆ ಚೊಂಬುಗಟ್ಟಲೆ ನೀರು ಕುಡಿದಳು, ಸೊಪ್ಪಿನ ಸಾರಲ್ಲಿ ಮುದ್ದೆ ಉಂಡಳು. ಎರಡನೆಯ ರಿಪೋರ್ಟಿನಲ್ಲಿ ಒಂದು ಸಾಲೂ ದಪ್ಪಗಿರಲಿಲ್ಲ.

ಅವಳನ್ನು ವಾಪಸು ಕರೆದೊಯ್ಯಲು ಬಂದ ತಮ್ಮ ಅದನ್ನು ನೋಡಿ ಹಲ್ಲುಬಿಟ್ಟ. "ನಿಮ್ಮೂರ ನೀರು ಅವ್ವಂಗೆ ಒಗ್ಗೈತೆ ಕಣಕ್ಕ."

"ನೀರಲ್ಲ ಕಣ್ಲಾ, ಕಕ್ಕಸು! ಬೈಕಿಗೆ ಶೆಡ್ ಕಟ್ಸಕ್ಕೆ ಜಾಗ ಸಿಕ್ತು, ಅವ್ವಂಗೊಂದು ಕಕ್ಕಸು ಕಟ್ಸಕ್ಕೆ ಸಿಗ್ಲಿಲ್ವಾ?"

"ಕಟ್ಸಾನ ಇರು. ಸುಗ್ಗಿ ಕಳೀಲಿ."

ಯಾವ ಸುಗ್ಗಿ ಅಂತ ಕೇಳುವಷ್ಟರಲ್ಲಿ ಅವ್ವ ಅಡ್ಡ ಬಂದಳು. "ಬುಡವ್ವ, ಅವನ ಮ್ಯಾಲ್ಯಾಕೆ ರೇಗ್ತೀಯ." ಅವಳ ಬಟ್ಟೆಯ ಚೀಲ ಆಗಲೇ ಬಾಗಿಲಲ್ಲಿತ್ತು. ಬಿಸಿಲು ಜೋರಾಗಿತ್ತು, ಹೊರಡುವ ಮುಂಚೆ ಕುಡಿಯಲಿ ಎಂದು ಒಂದು ಲೋಟ ನೀರು ಕೊಟ್ಟೆ. ತುಟಿಯವರೆಗೂ ತಂದವಳು ಹಾಗೇ ನನ್ನ ಕೈಗೆ ವಾಪಸು ಕೊಟ್ಟಳು.

"ಬ್ಯಾಡ ಕಣವ್ವ. ಊರಿಗೆ ಓಯ್ತಾ ಇವ್ನಿ."