ಒಂದು ಸಲ ಹೌದು, ಎರಡು ಸಲ ಅಲ್ಲ

ನಾನು ಮದುವೆಯಾಗಿ ಶಿರಗುಪ್ಪಿಗೆ ಬಂದಾಗ ಆ ಮನೆಯಲ್ಲಿ ನನ್ನ ಪಾಲಿಗೆ ಇದ್ದವರೆಂದರೆ ಗಂಡನ ಅಣ್ಣನ ಹೆಂಡತಿ. ಅವರನ್ನು ಅಕ್ಕಾರು ಎನ್ನುತ್ತಿದ್ದೆ. ನನಗೆ ರೊಟ್ಟಿ ಬಡಿಯಲು ಸರಿಯಾಗಿ ಬರುತ್ತಿರಲಿಲ್ಲ. ಅತ್ತೆ ಒಲೆಯ ಕಡೆ ಬರುವ ಮೊದಲೇ ಅಕ್ಕಾರು ತಮ್ಮ ನಾಲ್ಕು ರೊಟ್ಟಿ ನನ್ನ ಬುಟ್ಟಿಗೆ ಹಾಕಿ, ನನ್ನ ಹರಿದ ರೊಟ್ಟಿಗಳನ್ನು ತಾವು ತಿನ್ನುತ್ತಿದ್ದರು. ಅದನ್ನು ಒಂದು ದಿನವೂ ಆಡಿ ತೋರಿಸಲಿಲ್ಲ.

ಎಂಬತ್ತರ ದಶಕದ ಕೊನೆಯ ಒಂದು ಬೇಸಿಗೆಯಲ್ಲಿ ಅವರು ಹಿಟ್ಟು ನಾದುತ್ತಾ ಕುಳಿತಲ್ಲೇ ಪಕ್ಕಕ್ಕೆ ವಾಲಿದರು. ಆಗ ಅವರಿಗೆ ಮೂವತ್ತು ದಾಟಿತ್ತೋ ಇಲ್ಲವೋ. ಜೀಪಿನಲ್ಲಿ ಮಿರಜದ ಆಸ್ಪತ್ರೆಗೆ ಒಯ್ದರು. ಇಪ್ಪತ್ತು ದಿನ ಬಿಟ್ಟು ಮನೆಗೆ ತಂದಾಗ ಕೈಕಾಲು ಆಡುವುದಿಲ್ಲ, ಮಾತು ಇಲ್ಲ, ಮೂಗಿನಲ್ಲಿ ನಳಿಗೆ. ಕಣ್ಣು ಮಾತ್ರ ತೆರೆದಿದ್ದವು. ಒಳಗೆ ತಿಳಿವಳಿಕೆ ಎಷ್ಟು ಉಳಿದಿದೆ ಎಂಬುದನ್ನು ಹೇಳಲು ಬರುವುದಿಲ್ಲ ಎಂದು ಡಾಕ್ಟರು ಭಾವನಿಗೆ ಹೇಳಿದ್ದರಂತೆ. ಮನೆಗೆ ಬರುವಷ್ಟರಲ್ಲಿ ಆ ಮಾತು ‘ಏನೂ ಉಳಿದಿಲ್ಲ’ ಎಂದಾಗಿತ್ತು. ಯಾರು ಹಾಗೆ ಮಾಡಿದರೆಂದು ನನಗೆ ಈಗಲೂ ತಿಳಿದಿಲ್ಲ.

ನೋಡಿಕೊಳ್ಳಲು ಅನುಕೂಲವಾಗಲಿ ಎಂದು ಅವರ ಮಂಚವನ್ನು ಪಡಸಾಲೆಯಲ್ಲಿ ಹಾಕಿದ್ದೆವು. ಟಿವಿ ಇದ್ದದ್ದೂ ಅಲ್ಲಿಯೇ, ಮಂಚದ ಕಾಲುದೆಸೆಯ ಗೋಡೆಗೆ. ಹೀಗಾಗಿ ಮನೆಯ ಎಲ್ಲ ಮಾತೂ ಅವರ ಎದುರಿನಲ್ಲೇ ನಡೆಯುತ್ತಿತ್ತು. ನಳಿಗೆಯಲ್ಲಿ ಹಾಲು, ಗಂಜಿ ಹಾಕುವುದು, ಮೈ ಒರೆಸುವುದು, ಹೊಲಸಾದ ಬಟ್ಟೆ ಒಗೆಯುವುದು ನನ್ನ ಪಾಲಿಗೆ ಬಂತು. ಅವರ ಆರು ವರ್ಷದ ಮಗಳೂ ನನ್ನ ಕೈಗೇ ಬಂದಳು. ನಾಲ್ಕು ತಿಂಗಳಾದ ಮೇಲೆ ಅತ್ತೆ ಭಾವನಿಗೆ ಎರಡನೇ ಮದುವೆಯ ಮಾತು ತೆಗೆದರು. ರಾಯಬಾಗದ ಕಡೆಯ ಹುಡುಗಿ. ಅವಳ ಬಣ್ಣ, ವಯಸ್ಸು, ಅವಳ ತಂದೆಯ ಹೊಲ, ಎಲ್ಲವನ್ನೂ ಮಂಚದಿಂದ ನಾಲ್ಕು ಮೊಳ ದೂರ ಕುಳಿತು, ಚಹಾ ಕುಡಿಯುತ್ತಾ ಮಾತಾಡಿದರು.

ನಾನೂ ಕಡಿಮೆಯವಳಲ್ಲ. ಒಂದು ದಿನ ಎರಡು ಸಲ ಹಾಸಿಗೆ ಬದಲಿಸಿ ಸೋತು, ಪಕ್ಕದ ಮನೆಯವಳ ಮುಂದೆ, "ಈಕಿ ಒಮ್ಮೆ ಹೋದ್ರ ಈಕಿಗೂ ಬಿಡುಗಡಿ, ನನಗೂ ಬಿಡುಗಡಿ" ಅಂದಿದ್ದೆ. ಅಕ್ಕಾರ ತಲೆಯ ಹತ್ತಿರವೇ ನಿಂತು ಅಂದಿದ್ದೆ. ಅಷ್ಟು ದಿನ ಬಹುವಚನದಲ್ಲಿ ಕರೆದವರನ್ನು ಅವತ್ತು ‘ಈಕಿ’ ಅಂದಿದ್ದೆ.

ಆ ದಿನಗಳಲ್ಲಿ ಭಾನುವಾರ ಬೆಳಿಗ್ಗೆ ಟಿವಿಯಲ್ಲಿ ಒಂದು ಹಿಂದಿ ಧಾರಾವಾಹಿ ಬರುತ್ತಿತ್ತು, ಯಂತ್ರಮಾನವರದ್ದು. ಓಣಿಯವರೆಲ್ಲ ನಮ್ಮ ಪಡಸಾಲೆಗೆ ಬಂದು ಕೂರುತ್ತಿದ್ದರು. ಕಾರ್ಖಾನೆಯಲ್ಲಿ ದುಡಿಯುವ ಒಂದು ಯಂತ್ರಮಾನವ, ತಗಡಿನ ಮೈ, ಕಣ್ಣಿನ ಜಾಗದಲ್ಲಿ ಎರಡು ದೀಪ. ಅದು ಒಂದು ದಿನ ಇದ್ದಕ್ಕಿದ್ದಂತೆ ನಿಂತುಬಿಡುತ್ತದೆ. ಕೈಕಾಲು ಆಡುವುದಿಲ್ಲ, ದೀಪ ಮಾತ್ರ ಉರಿಯುತ್ತಿರುತ್ತವೆ. ಕಬ್ಬಿಣ ತಾನೆ, ಒಡೆದು ಮಾರಿ ಎನ್ನುತ್ತಾನೆ ಮಾಲೀಕ. ಒಳಗೆ ಯಾರಾದರೂ ಇದ್ದರೆ ಎನ್ನುತ್ತಾಳೆ ಅಲ್ಲಿಯ ಎಂಜಿನಿಯರ್ ಹೆಂಗಸು. ಒಂದು ಭಾನುವಾರದ ಕಂತಿನಲ್ಲಿ ಅವಳು ಅದರ ಎದುರು ಕುರ್ಚಿ ಹಾಕಿಕೊಂಡು ಕುಳಿತು, ನನ್ನ ಮಾತು ಕೇಳುತ್ತಿದ್ದರೆ ಒಂದು ಸಲ ದೀಪ ಆರಿಸು ಎಂದಳು. ದೀಪ ಆರಿ ಮತ್ತೆ ಹತ್ತಿತು.

ಪಡಸಾಲೆಯಲ್ಲಿ ಎಲ್ಲರೂ ನಕ್ಕರು. ತಗಡಿನ ಡಬ್ಬಿಗೆ ಎಲ್ಲಿಯ ಜೀವ ಎಂದು ಯಾರೋ ಅಂದರು. ನಾನು ಮೂಗಿನ ನಳಿಗೆ ನೋಡಲು ಎದ್ದವಳು ಅಕ್ಕಾರ ಮುಖ ನೋಡಿದೆ. ಯಾವಾಗಲೂ ಮಾಡಿನ ತೊಲೆಯ ಮೇಲಿರುತ್ತಿದ್ದ ಅವರ ಕಣ್ಣು ಕೆಳಗಿಳಿದು ಟಿವಿಯ ಮೇಲೆ ನಿಂತಿದ್ದವು. ರೆಪ್ಪೆ ಬಡಿಯುತ್ತಿದ್ದವು, ಒಂದರ ಮೇಲೊಂದು, ಅವಸರ ಅವಸರವಾಗಿ.

ಮಂದಿ ಎದ್ದು ಹೋಗುವವರೆಗೆ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಅತ್ತೆ ಹಿತ್ತಲಿಗೆ ಹೋದ ಮೇಲೆ ಮಂಚದ ಮೇಲೆ ಬಾಗಿದೆ.

"ಅಕ್ಕಾರ, ನಾ ಹೇಳೂದು ಕೇಳತಿದ್ರ ಒಮ್ಮೆ ಕಣ್ಣ ಮುಚ್ಚಿ ತಗೀರಿ."

ಮುಚ್ಚಿ ತೆರೆದರು. ನನಗೆ ನಂಬಿಕೆ ಬರಲಿಲ್ಲ. ಹೌದಾದರೆ ಒಂದು ಸಲ, ಅಲ್ಲವಾದರೆ ಎರಡು ಸಲ ಎಂದು ಹೇಳಿ, ಈ ಊರು ಅಥಣಿಯೇನು ಎಂದು ಕೇಳಿದೆ. ಎರಡು ಸಲ. ನಿಮ್ಮ ಮಗಳು ಒಂದನೇ ಇಯತ್ತೆಯೇನು ಎಂದೆ. ಒಂದು ಸಲ.

ನನಗೆ ಸಂತೋಷವಾಯಿತೆಂದು ಬರೆದರೆ ಸುಳ್ಳಾಗುತ್ತದೆ. ಮೊದಲು ಬಂದದ್ದು ಹೆದರಿಕೆ. ಏಳು ತಿಂಗಳು ಇವರು ಎಲ್ಲವನ್ನೂ ಕೇಳಿಸಿಕೊಂಡಿದ್ದಾರೆ, ನಾನು ತಲೆಯ ಹತ್ತಿರ ನಿಂತು ಅಂದದ್ದನ್ನೂ.

ಸಂಜೆಯ ಹೊತ್ತಿಗೆ ಮನೆಯವರಿಗೆಲ್ಲ ಗೊತ್ತಾಯಿತು. ಅತ್ತೆ ಮೊದಲು ಟಿವಿ ನೋಡಿ ನನಗೆ ಹುಚ್ಚು ಹಿಡಿದಿದೆ ಎಂದರು. ನಾಲ್ಕೈದು ಪ್ರಶ್ನೆಗೆ ಸರಿಯಾದ ಉತ್ತರ ಬಂದ ಮೇಲೆ ಮಂಚದಿಂದ ದೂರ ಸರಿದು ಕುಳಿತರು. ಭಾವ ಬಾಗಿಲಲ್ಲಿ ನಿಂತು ನೋಡಿ ಹೊಲಕ್ಕೆ ಹೋದ. ರಾಯಬಾಗದ ಹುಡುಗಿಯೊಂದಿಗೆ ಹದಿನೈದು ದಿನದ ಹಿಂದೆಯೇ ಸಾಖರಪುಡಾ ಆಗಿತ್ತು. ಸಕ್ಕರೆ ಹಂಚಿ ಮಾತು ಗಟ್ಟಿ ಮಾಡಿದ ಮೇಲೆ ಹಿಂದೆ ಸರಿಯುವುದು ಮಾನದ ಪ್ರಶ್ನೆ ಎಂದು ಅತ್ತೆ ಹಟ ಹಿಡಿದರು. ಆದರೆ ಕೇಳುವ ಕಿವಿ ಇದೆ ಎಂದು ಗೊತ್ತಾದ ಮೇಲೆ ಕೇಳದೆ ಮಾಡಲು ಅವರಿಗೂ ಧೈರ್ಯ ಬರಲಿಲ್ಲ.

ಎರಡು ದಿನ ಬಿಟ್ಟು ಭಾವನನ್ನು ಮಂಚದ ಹತ್ತಿರ ಕೂರಿಸಿದರು. ಅತ್ತೆ ತಲೆದೆಸೆಯಲ್ಲಿ, ನಾನು ಕಾಲುದೆಸೆಯಲ್ಲಿ. ಭಾವ ನೆಲ ನೋಡುತ್ತಲೇ ಕೇಳಿದ.

"ಮನಿಗೆ ಒಬ್ಬಾಕಿ ಬೇಕಾಗ್ಯಾಳ. ನಿನ್ನ ಒಪ್ಪಿಗಿ ಐತೇನು?"

ಅಕ್ಕಾರು ಬಹಳ ಹೊತ್ತು ಅವನನ್ನೇ ನೋಡಿದರು. ಆಮೇಲೆ ಕಣ್ಣು ಮುಚ್ಚಿ ತೆರೆದರು. ಮತ್ತೆ ಮುಚ್ಚಿ ತೆರೆದರು. ನಿಧಾನವಾಗಿ, ನಡುವೆ ಅಂತರ ಬಿಟ್ಟು, ತಪ್ಪು ತಿಳಿಯದಂತೆ.

"ಹೂಂ ಅಂದ್ಳು" ಎಂದರು ಅತ್ತೆ.

ಭಾವ ತಲೆ ಎತ್ತಿ ನನ್ನ ಕಡೆ ನೋಡಿದ. ಅವನು ಅಕ್ಕಾರ ಕಣ್ಣು ನೋಡಿರಲಿಲ್ಲ. ನಾನು ಎರಡು ಸಲ ಎಂದಿದ್ದರೆ ಆ ಮದುವೆ ನಿಲ್ಲುತ್ತಿತ್ತೋ ಇಲ್ಲವೋ ಹೇಳಲಾರೆ. ಆಗ ನಾನು ಮೂರು ತಿಂಗಳ ಬಸುರಿ. ಇನ್ನೊಬ್ಬಳು ಬಂದರೆ ನಳಿಗೆ, ಹಾಸಿಗೆ, ಬಟ್ಟೆಯ ಕೆಲಸ ಅರ್ಧವಾಗುತ್ತದೆ ಎಂದು ನನ್ನ ಮನಸ್ಸು ಮೊದಲೇ ಲೆಕ್ಕ ಹಾಕಿತ್ತು. ನಾನು ಸೆರಗು ಸರಿಮಾಡಿಕೊಂಡು ಒಳಗೆ ಹೋದೆ. ಭಾವ ಅದನ್ನೇ ಉತ್ತರವೆಂದು ತಿಳಿದ.

ಮದುವೆ ರಾಯಬಾಗದಲ್ಲಿ ಆಯಿತು. ಎಲ್ಲರೂ ಹೋದರು, ನಾನು ಅಕ್ಕಾರ ಹತ್ತಿರ ಉಳಿದೆ. ಮಧ್ಯಾಹ್ನ ಅವರ ಕೂದಲು ಬಾಚುತ್ತಾ ಕೇಳಿದೆ, "ಅವತ್ತ ನೀವು ಎರಡ ಸಲ ಮುಚ್ಚಿದ್ರಿ, ಹೌದಲ್ರಿ?" ಒಂದು ಸಲ ಮುಚ್ಚಿದರು. ನನ್ನ ಮೇಲೆ ಸಿಟ್ಟಿದೆಯೇ ಎಂದೆ. ಕಣ್ಣು ಮುಚ್ಚಿದರು. ನಾನು ಕಾಯುತ್ತಾ ಕುಳಿತೆ. ಕತ್ತಲಾಗುವವರೆಗೆ ತೆರೆಯಲಿಲ್ಲ.

ಅಂದಿನಿಂದ ದೊಡ್ಡವರು ಯಾರು ಏನು ಕೇಳಿದರೂ ಅವರು ಉತ್ತರಿಸಲಿಲ್ಲ. ಮತ್ತೆ ಬುದ್ಧಿ ಹೋಗಿದೆ ಎಂದರು ಅತ್ತೆ. ಹೋಗಿರಲಿಲ್ಲ. ಶಾಲೆ ಬಿಟ್ಟು ಬಂದ ಮಗಳು ಪಾಟಿ ಹಿಡಿದು ಮಂಚದ ಮೇಲೆ ಹತ್ತಿ, "ಅವ್ವಾ, ಏಳ ಎಂಟ್ಲೆ ಐವತ್ತಾರ ಏನ?" ಎಂದು ಕೇಳುವುದು ಅಡುಗೆಮನೆಗೆ ಕೇಳಿಸುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ಅವಳು ಬರೆದುಕೊಳ್ಳುವ ಸದ್ದು. ಅವಳ ಲೆಕ್ಕ ಎಂದೂ ತಪ್ಪುತ್ತಿರಲಿಲ್ಲ.

ಧಾರಾವಾಹಿ ಎಂದೋ ಮುಗಿದುಹೋಗಿತ್ತು. ಯಂತ್ರಮಾನವನನ್ನು ಕೊನೆಗೆ ಕಾರ್ಖಾನೆಯ ಹೊರಗೆ ಬಿಸಿಲಿಗೆ ತಂದು ಕೂರಿಸಿದ್ದು ನೆನಪಿದೆ. ಅಕ್ಕಾರು ಮತ್ತೆರಡು ವರ್ಷ ಇದ್ದರು. ಕಬ್ಬಿನ ಹಂಗಾಮಿನ ಚಳಿಯಲ್ಲಿ ಕಫ ಕಟ್ಟಿ, ಮೂರು ದಿನ ಉಸಿರಿಗೆ ಒದ್ದಾಡಿ ಹೋದರು. ನಾನು ಬಿಡುಗಡೆ ಎಂದಿದ್ದೆನಲ್ಲ, ಅಂಥದ್ದೇನೂ ನನಗೆ ಸಿಗಲಿಲ್ಲ.

ತೊಂಬತ್ತರ ದಶಕದ ಕೊನೆಗೆ ಅಕ್ಕಾರ ಮಗಳು ಚಿಕ್ಕೋಡಿಯ ಕಾಲೇಜಿಗೆ ಹೊರಟು ನಿಂತಾಗ, ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ನನ್ನನ್ನು ಕೇಳಿದಳು. ನನ್ನ ಅತ್ತೆಯನ್ನು ಅವಳು ಆಯಿ ಎನ್ನುತ್ತಿದ್ದಳು, ನನ್ನನ್ನು ಕಾಕು. ಅವ್ವ ತಾನೇ ಒಪ್ಪಿಗೆ ಕೊಟ್ಟಳೆಂದು ಆಯಿ ಎಲ್ಲರ ಮುಂದೆ ಹೇಳುತ್ತಾಳೆ, ಕಾಕು, ನೀನು ಅಲ್ಲೇ ಇದ್ದೆಯಲ್ಲ, ಹೌದೇನು ಎಂದು.

"ಕೊಟ್ಟಿರಲಿಲ್ಲ" ಅಂದೆ. "ನಾ ನೋಡಿದ್ದೆ. ನೋಡಿ ಸುಮ್ಮನಾದೆ."

ಅವಳು ಕೈಯಲ್ಲಿದ್ದ ಲಂಗವನ್ನು ಹಿಂಡಿ, ಝಾಡಿಸಿ, ತಂತಿಗೆ ಹಾಕಿದಳು. ಯಾಕೆ ಎಂದು ಕೇಳುತ್ತಾಳೆಂದು ನಿಂತಿದ್ದೆ. ಅವಳು ಮುಂದಿನ ಬಟ್ಟೆ ಎತ್ತಿಕೊಂಡಳು. ಮರುದಿನ ಬೆಳಿಗ್ಗೆ ಬಸ್ಸು ಹತ್ತುವಾಗ ಎಲ್ಲರ ಕಾಲಿಗೂ ನಮಸ್ಕರಿಸಿದಳು, ಆಯಿಗೂ. ನನ್ನ ಹತ್ತಿರ ಬಂದವಳು, ಬಾಗದೆ ಚೀಲ ಎತ್ತಿಕೊಂಡು ಹೋದಳು.