ಖಾದರ್ ಸಾಹೇಬರು ಮರೆತ ಭುಜದಳತೆ

ಬ್ಲಾಕ್‌ಪಳ್ಳಿಯಲ್ಲಿ, ಅಂದರೆ ಈಗಿನ ಶಿವಾಜಿನಗರದಲ್ಲಿ, ಅಸ್ಗರ್ ಸಾಹೇಬರ ಟೈಲರ್ ಅಂಗಡಿ. ನಾನು ಜೋಗುಪಾಳ್ಯದ ಅಂಜನಮೂರ್ತಿ. ನನ್ನ ಪಕ್ಕದ ಮಿಷಿನ್ ಖಾದರ್ ಸಾಹೇಬರದು. ಅವರಿಗೆ ಓದು ಬರಹ ಬಾರದು. ಆಗ ನನಗೂ ಬಾರದು, ಕಲಿತದ್ದು ಆಮೇಲೆ. ಆದರೆ ಅವರು ಎಂಟು ಅಳತೆ ತೆಗೆದರೆ ಎಂಟೂ ತಲೆಯಲ್ಲಿ. ಗಿರಾಕಿಯ ಮನೆಯಿಂದ ದಾರಿಯುದ್ದಕ್ಕೂ ಹರಟೆ ಹೊಡೆದುಕೊಂಡು ಬಂದು, ಅಂಗಡಿಯಲ್ಲಿ ಬಟ್ಟೆ ಕತ್ತರಿಸುವ ಮಾಸ್ಟರಿಗೆ ಪಟಪಟ ಹೇಳುತ್ತಿದ್ದರು.

ಮಿಷಿನ್ ತುಳಿದು ತುಳಿದು ಅವರ ಮಂಡಿ ಹೋಗಿತ್ತು. ಯುದ್ಧದ ನಡುವೆ, ನಲವತ್ತಮೂರರಲ್ಲಿ, ಕಟಿಂಗ್ ಮಾಸ್ಟರ್ ಕೆಲಸ ಬಿಟ್ಟಾಗ ಅಸ್ಗರ್ ಸಾಹೇಬರು ಹೇಳಿದರು: “ಹಲಸೂರಿನ ಕರ್ನಲ್ ಸಾಹೇಬ್ರ ಕೋಟು ನೀವೇ ಅಳತೆ ತಗೊಂಡು ನೀವೇ ಕತ್ತರಿಸಿ. ಸರಿಹೋದ್ರೆ ನೀವೇ ಮಾಸ್ಟರು. ಮಿಷಿನ್ ತುಳಿಯೋದು ಬೇಡ.”

ಅಲ್ಲಿಗೆ ಕೆಟ್ಟಿತು.

ಕರ್ನಲ್ಲರ ಬಂಗಲೆಗೆ ನಾನೂ ಹೋಗಿದ್ದೆ. ಖಾದರ್ ಸಾಹೇಬರು ಟೇಪು ಹಿಡಿದು ಭುಜಕ್ಕೆ “ಸವಾ ಅಠ್ರಾ” ಅಂದರು. ಅವರ ದಖ್ನಿಯಲ್ಲಿ ಹದಿನೆಂಟೂ ಕಾಲು. ವಾಪಸು ಬರುವಾಗ ಹರಟೆಯಿಲ್ಲ, ಬರೀ ತುಟಿ ಅಲ್ಲಾಡುತ್ತಿತ್ತು. ಕೆರೆ ಏರಿಯ ಮೇಲೆ ನಾನು ಬಾಯಿ ತೆರೆದರೆ, “ಸುಮ್ನಿರು ಮೂರ್ತಿ, ಹೋಗ್ಬಿಡ್ತದೆ” ಅಂದರು. ಎದೆ, ಸೊಂಟ, ತೋಳು, ಮತ್ತೆ ಎದೆ. ನಡುವೆ, “ಮಾಸ್ಟರ್ ಆಗ್ತೀನಿ ಅಂತ ಮನೇಲಿ ಬಿಲ್ಕೀಸ್‌ಗೆ ಹೇಳ್ಬಿಟ್ಟಿದೀನಿ.” ಹೆಂಡತಿಗೆ ಹೇಳಿಬಿಟ್ಟ ಮಾತು.

ಅಂಗಡಿಯಲ್ಲಿ ಉಣ್ಣೆ ಬಟ್ಟೆ ಹಾಸಿತ್ತು. ಹಾಳಾದರೆ ಅಂಥದ್ದು ಮತ್ತೆ ಸಿಗದ ಕಾಲ. ಏಳು ಅಳತೆಗೆ ಗೆರೆ ಬಿತ್ತು. ಭುಜಕ್ಕೆ ಬಂದಾಗ ಸೀಮೆಸುಣ್ಣ ನಿಂತಿತು.

“ಸವಾ... ಇಲ್ಲ, ಪೌನೆ ಅಠ್ರಾ,” ಅಂದರು. ಹದಿನೆಂಟಕ್ಕೆ ಕಾಲು ಕಡಿಮೆ. ಭುಜ ಅರ್ಧ ಇಂಚು ಕಿರಿದಾದರೆ ಆ ಕೋಟು ಕರ್ನಲ್ಲರಿಗೆ ಆಗದು. ಅವರು ಕತ್ತರಿ ಎತ್ತಿಕೊಂಡರು.

“ಹದಿನೆಂಟೂ ಕಾಲು, ಖಾದರ್ ಭಾಯ್,” ಅಂದುಬಿಟ್ಟೆ.

ಅಸ್ಗರ್ ಸಾಹೇಬರು ಕರ್ನಲ್ಲರ ಹಳೇ ಕೋಟು ತರಿಸಿ ಅಳೆದರು. ನಾನು ಹೇಳಿದ್ದೇ ಸರಿ. “ನೆನಪಿರೋನೇ ಕತ್ತರಿಸಲಿ” ಅಂದರು. ಮಾಸ್ಟರ್ ಕೆಲಸ ನನಗೇ ಬಂತು.

ನನಗೇನು ಬುದ್ಧಿ ಹೆಚ್ಚಿರಲಿಲ್ಲ. ಆ ಅಳತೆಯಿಂದ ನನಗೆ ಆಗಬೇಕಾದ್ದು ಏನೂ ಇರಲಿಲ್ಲ, ಅದಕ್ಕೇ ತಲೆಯಲ್ಲಿ ಉಳಿದಿತ್ತು. ಬಾಯಿ ಮುಚ್ಚಿಕೊಂಡಿರಬೇಕಿತ್ತೋ ಏನೋ, ಇವತ್ತಿಗೂ ತಿಳಿಯದು.

ಮರುದಿನ ಅಂಗಡಿಯಲ್ಲೇ ಒಬ್ಬ ಗಿರಾಕಿಯ ಎಂಟು ಅಳತೆ ಗಟ್ಟಿಯಾಗಿ ಹೇಳಿಕೊಳ್ಳುತ್ತಾ ತೆಗೆದೆ. ಮೇಜಿನ ಹತ್ತಿರ ಬರುವಷ್ಟರಲ್ಲಿ ಒಂದೂ ನೆನಪಿಲ್ಲ, ಸೀಮೆಸುಣ್ಣ ಹಿಡಿದು ನಿಂತೆ. ಖಾದರ್ ಸಾಹೇಬರು ಮಿಷಿನ್ ತುಳಿಯುತ್ತಲೇ, ತಲೆ ಎತ್ತದೆ, ಎಂಟನ್ನೂ ಮೆಲ್ಲಗೆ ಹೇಳಿಕೊಟ್ಟರು.